ಕಪಾಟಿನಲ್ಲಿ ನೂರು ವರ್ಷ ಕುಳಿತ ಯಂತ್ರ

2025ರ ಜುಲೈ ಮೊದಲ ವಾರದಲ್ಲಿ ಪತ್ರಿಕೆಗಳ ವಾಣಿಜ್ಯ ಪುಟದಲ್ಲಿ ಒಂದು ಸುದ್ದಿ ಬಂದು ಹೋಯಿತು. ಐಫೋನ್ ಜೋಡಿಸುವ ಫಾಕ್ಸ್‌ಕಾನ್ ಕಂಪನಿ ತನ್ನ ಭಾರತದ ಕಾರ್ಖಾನೆಗಳಲ್ಲಿದ್ದ ಮುನ್ನೂರಕ್ಕೂ ಹೆಚ್ಚು ಚೀನೀ ಎಂಜಿನಿಯರುಗಳನ್ನೂ ತಂತ್ರಜ್ಞರನ್ನೂ ಊರಿಗೆ ವಾಪಸು ಕಳುಹಿಸಿದೆ ಎಂಬ ವರದಿ ಅದು. ದೇವನಹಳ್ಳಿಯ ಹೊಸ ಘಟಕ ಇನ್ನೂ ಕಾಲೂರುತ್ತಿದ್ದ ಸಮಯ. ಕಟ್ಟಡ ಎದ್ದಿತ್ತು, ಯಂತ್ರಗಳು ಬಂದಿದ್ದವು, ಅವುಗಳ ಜೊತೆ ಕೈಪಿಡಿಗಳೂ ಬಂದಿರಲೇಬೇಕು. ಆದರೂ ಹೋದವರ ಜಾಗ ತುಂಬುವುದು ಹೇಗೆ ಎಂಬ ಆತಂಕ ಎಲ್ಲ ವರದಿಗಳಲ್ಲೂ ಇತ್ತು. ಯಂತ್ರವೂ ಪುಸ್ತಕವೂ ಕೈಯಲ್ಲಿದ್ದ ಮೇಲೆ ಮನುಷ್ಯರು ಹೋದರೆ ಏನು ನಷ್ಟ?

ಈ ಪ್ರಶ್ನೆಯನ್ನು ಯುರೋಪು ನಾನೂರು ವರ್ಷಗಳ ಹಿಂದೆ ಎದುರಿಸಿತ್ತು. ಅಲ್ಲಿನ ಉತ್ತರ ಒಂದು ಪುಸ್ತಕದ ಕಥೆಯಲ್ಲಿದೆ.

1607ರಲ್ಲಿ ಇಟಲಿಯ ಪಡುವಾ ನಗರದಲ್ಲಿ ವಿತ್ತೋರಿಯೊ ಜೋಂಕಾ ಎಂಬ ವಾಸ್ತುಶಿಲ್ಪಿಯ ಯಂತ್ರಗಳ ಪುಸ್ತಕ ಅಚ್ಚಾಯಿತು. ಬರೆದವನು ಆ ವೇಳೆಗೆ ತೀರಿಕೊಂಡಿದ್ದ. ಗಿರಣಿ, ಗಾಣ, ನೀರೆತ್ತುವ ಸಾಧನಗಳ ಚಿತ್ರಗಳ ನಡುವೆ ಅದರಲ್ಲಿ ನೀರಿನ ಬಲದಿಂದ ರೇಷ್ಮೆಯನ್ನು ಹುರಿಗೊಳಿಸುವ ದೊಡ್ಡ ಯಂತ್ರವೊಂದರ ಚಿತ್ರವೂ ಇತ್ತು. ಈ ಯಂತ್ರವನ್ನು ಬೊಲೋನ್ಯಾ ನಗರ ಕಣ್ಣಿನ ಗೊಂಬೆಯಂತೆ ಕಾಪಾಡಿಕೊಂಡು ಬಂದಿತ್ತು. ಅದರ ಗುಟ್ಟನ್ನು ಹೊರಗೊಯ್ದವರಿಗೆ ಮರಣದಂಡನೆ ಎಂಬ ಕಟ್ಟಳೆಯಿತ್ತು. ಈಗ ಅದು ಬಿಡಿಭಾಗಗಳ ಸಮೇತ, ಹಣ ಕೊಟ್ಟವರ ಕೈಗೆ ಸಿಗುವ ಪುಸ್ತಕದಲ್ಲಿತ್ತು. 1621ರಲ್ಲಿ ಮರುಮುದ್ರಣವಾಯಿತು, 1656ರಲ್ಲಿ ಮತ್ತೊಂದು. ಮೊದಲ ಮುದ್ರಣದ ಒಂದು ಪ್ರತಿ 1620ರ ಹೊತ್ತಿಗೇ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿ, ಓದುಗರು ತಾವೇ ತೆಗೆದು ನೋಡಬಹುದಾದ ಕಪಾಟಿನಲ್ಲಿತ್ತು. ಇಂಗ್ಲೆಂಡಿಗೆ ಈ ಯಂತ್ರದ ಅಗತ್ಯವೂ ಇತ್ತು. ನೇಯ್ಗೆಯ ಹಾಸಿನ ಎಳೆಗೆ ಬೇಕಾದ ಗಟ್ಟಿ ಹುರಿಯ ರೇಷ್ಮೆ ನೂಲನ್ನು ಅಲ್ಲಿನವರು ಇಟಲಿಯಿಂದ ದುಬಾರಿ ಬೆಲೆಗೆ ಕೊಳ್ಳುತ್ತಿದ್ದರು. ಆದರೂ ಇಂಗ್ಲೆಂಡಿನಲ್ಲಿ ಆ ಯಂತ್ರ ಸರಿಯಾಗಿ ತಿರುಗಿದ್ದು 1721ರಲ್ಲಿ. ಅಲ್ಲಿಯವರೆಗೆ, ನೂರು ವರ್ಷ, ಅದು ಕಪಾಟಿನಲ್ಲಿ ಕುಳಿತಿತ್ತು.

ಚಿತ್ರ ತಪ್ಪಾಗಿತ್ತೇ? ಇಲ್ಲ. ಯಂತ್ರವೆಂದರೆ ಆಳೆತ್ತರ ಮೀರಿದ ಮರದ ದುಂಡು ಪಂಜರ. ಹೊರಗಿನ ಚೌಕಟ್ಟು ಕದಲುವುದಿಲ್ಲ. ಅದರ ಸುತ್ತ ಸಾಲು ಸಾಲಾಗಿ ಕದಿರುಗಳು ನೆಟ್ಟಗೆ ನಿಂತಿರುತ್ತವೆ. ಒಳಗೆ ಇನ್ನೊಂದು ಪಂಜರ. ನೀರಿನ ಚಕ್ರದ ಬಲದಿಂದ ಮೆಲ್ಲಗೆ ಸುತ್ತುತ್ತದೆ. ಸುತ್ತುವಾಗ ಅದರ ಮೈಗೆ ಬಿಗಿದ ಪಟ್ಟಿಗಳು ಹೊರಗಿನ ಕದಿರುಗಳನ್ನು ಸವರಿಕೊಂಡು ಹೋಗುತ್ತವೆ. ಆ ಸವರಿಕೆಗೆ ಕದಿರು ಗಿರ್ರನೆ ತಿರುಗುತ್ತದೆ, ಅದರಿಂದ ಮೇಲೆದ್ದ ಎಳೆ ಹುರಿಗೊಳ್ಳುತ್ತಾ ಮೇಲಿನ ರಾಟೆಗೆ ಸುತ್ತಿಕೊಳ್ಳುತ್ತದೆ. ಇಷ್ಟನ್ನು ಚಿತ್ರ ಹೇಳುತ್ತದೆ. ಸವರಿಕೆ ಎಷ್ಟು ಬಿಗಿಯಿರಬೇಕು ಎಂಬುದನ್ನು ಹೇಳುವುದಿಲ್ಲ. ಹೆಚ್ಚಾದರೆ ಎಳೆ ಕಡಿಯುತ್ತದೆ, ಕಡಿಮೆಯಾದರೆ ಕದಿರು ಜಾರುತ್ತದೆ, ನೂರಾರು ಕದಿರುಗಳಲ್ಲಿ ಒಂದೊಂದೂ ಒಂದೊಂದು ಬಗೆಯ ಹುರಿ ಕೊಡುತ್ತದೆ. ಮರ ತೇವಕ್ಕೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಯಾವ ಮರ, ಎಷ್ಟು ಒಣಗಿಸಿದ್ದು, ಎಳೆ ಕಡಿದಾಗ ಇಡೀ ಯಂತ್ರವನ್ನು ನಿಲ್ಲಿಸದೆ ಗಂಟು ಹಾಕುವುದು ಹೇಗೆ? ಇವನ್ನು ಯಾರೂ ಬರೆದಿಡಲಿಲ್ಲ. ಬಚ್ಚಿಡಬೇಕೆಂದಲ್ಲ; ಬಲ್ಲವನಿಗೆ ಅದು ಬರೆಯುವಂಥ ಸಂಗತಿ ಎಂದು ಹೊಳೆಯುವುದೇ ಇಲ್ಲ. ಮುದ್ದೆ ತಿರುವುವ ಹದವನ್ನು ನಮ್ಮ ಅಜ್ಜಿಯರು ಯಾವ ಪುಸ್ತಕದಲ್ಲಿ ಬರೆದರು?

ಇಂಗ್ಲೆಂಡಿನ ಡರ್ಬಿ ಪಟ್ಟಣದಲ್ಲಿ, ಡರ್ವೆಂಟ್ ನದಿಯ ದಡದಲ್ಲಿ ಥಾಮಸ್ ಕಾಚೆಟ್ ಎಂಬಾತ 18ನೇ ಶತಮಾನದ ಆರಂಭದಲ್ಲೇ ಡಚ್ ಯಂತ್ರಗಳನ್ನು ತರಿಸಿ ಹುರಿ ಗಿರಣಿ ಹಾಕಿದ್ದ. ಅದನ್ನು ಕಟ್ಟಿದ ಎಂಜಿನಿಯರ್ ಜಾರ್ಜ್ ಸೊರೊಕೋಲ್ಡ್ ಸಾಮಾನ್ಯನಲ್ಲ. ನಗರಗಳಿಗೆ ನೀರು ಹಾಯಿಸಿ ಹೆಸರಾದವನು. ಆದರೂ ಕಾಚೆಟ್ ದಿವಾಳಿಯಾದ. ಆಮೇಲೆ ಜಾನ್ ಲೋಂಬ್ ಎಂಬ ಯುವಕ ಸುಮಾರು 1716ರಲ್ಲಿ ಇಟಲಿಗೆ ಹೊರಟ. ಲಂಡನ್ನಿನಲ್ಲಿ ರೇಷ್ಮೆ ವ್ಯಾಪಾರಿಯಾಗಿದ್ದ ಅವನ ಮಲ ಅಣ್ಣ ಥಾಮಸ್ ಲೋಂಬ್ ಬೆನ್ನಿಗಿದ್ದ. ಪೀಡ್‌ಮಾಂಟ್ ಪ್ರಾಂತ್ಯದ ಗಿರಣಿಗೆ ಕೆಲಸಕ್ಕೆ ಸೇರಿ, ರಾತ್ರಿ ಮೇಣದಬತ್ತಿಯ ಬೆಳಕಿನಲ್ಲಿ ಯಂತ್ರದ ನಕ್ಷೆ ಬರೆದ ಎಂದು ಕಥೆ ಹೇಳುವವರು ಹೇಳುತ್ತಾರೆ. ನನಗೆ ಇದರಲ್ಲಿ ನಗು ಬರಿಸುವುದು ಆ ಮೇಣದಬತ್ತಿ. ನಕ್ಷೆ ಆಕ್ಸ್‌ಫರ್ಡಿನ ಕಪಾಟಿನಲ್ಲೇ ಇತ್ತಲ್ಲ! ಅವನು ತಂದದ್ದು ನಕ್ಷೆಯನ್ನಲ್ಲ. ಆ ಯಂತ್ರದ ಮುಂದೆ ನಿಂತು ದುಡಿದ ಕೈಗಳನ್ನು. ಜೊತೆಗೆ ಇಟಲಿಯ ಕೆಲಸಗಾರರೂ ಬಂದರೆಂಬ ಪ್ರತೀತಿಯಿದೆ. 1718ರಲ್ಲಿ ಥಾಮಸ್ ಲೋಂಬ್‌ಗೆ 14 ವರ್ಷದ ಪೇಟೆಂಟ್ ಸಿಕ್ಕಿತು. ಮೂರು ವರ್ಷಗಳಲ್ಲಿ ಕಾಚೆಟ್ ಸೋತ ಜಾಗದ ಪಕ್ಕದಲ್ಲೇ, ಅದೇ ಸೊರೊಕೋಲ್ಡ್‌ನ ಉಸ್ತುವಾರಿಯಲ್ಲಿ ಐದು ಅಂತಸ್ತಿನ ಗಿರಣಿ ನಿಂತಿತು. ಎಂಜಿನಿಯರ್ ಅವನೇ, ನದಿಯೂ ಅದೇ. ಬದಲಾದದ್ದು ಯಂತ್ರದ ಮಾದರಿ ಮತ್ತು ಅದನ್ನು ಕಂಡು ಬಂದವನು. ಮರುವರ್ಷವೇ ಜಾನ್ ಲೋಂಬ್ ಸತ್ತ. ಇಟಲಿಯವರು ಹೆಂಗಸೊಬ್ಬಳನ್ನು ಕಳುಹಿಸಿ ವಿಷ ಹಾಕಿಸಿದರು ಎಂಬ ಗುಲ್ಲು ಇಂದಿಗೂ ಆ ಊರಿನಲ್ಲಿ ಬದುಕಿದೆ. ಸಾಕ್ಷ್ಯ ಮಾತ್ರ ಇಲ್ಲ.

ಬೊಲೋನ್ಯಾಕ್ಕೆ ತಾನೇ ಈ ವಿದ್ಯೆ ಎಲ್ಲಿಂದ ಬಂತು? ಲುಕ್ಕಾ ನಗರದಿಂದ. 1314ರಲ್ಲಿ ಲುಕ್ಕಾ ಲೂಟಿಯಾದಾಗ ಅಲ್ಲಿನ ರೇಷ್ಮೆ ಕೆಲಸಗಾರರು ವೆನಿಸ್, ಫ್ಲಾರೆನ್ಸ್, ಬೊಲೋನ್ಯಾಗಳಿಗೆ ಚದುರಿದರು. ಒಂದು ಊರು ಹಾಳಾದರೆ ಮೂರು ಊರಿಗೆ ಕಸುಬು. 1462ರಲ್ಲಿ ಜರ್ಮನಿಯ ಮೈಂಟ್ಸ್ ನಗರವನ್ನು ಆರ್ಚ್‌ಬಿಷಪ್ ಪದವಿಗಾಗಿ ಹೊಡೆದಾಡುತ್ತಿದ್ದವರು ಲೂಟಿ ಮಾಡಿದಾಗಲೂ ಹೀಗೇ ಆಯಿತು. ಗುಟೆನ್‌ಬರ್ಗ್‌ನ ಮುದ್ರಣ ವಿದ್ಯೆ ಕಲಿತವರು ಗಂಟುಮೂಟೆ ಕಟ್ಟಿದರು. ಮೂರೇ ವರ್ಷಕ್ಕೆ ರೋಮ್ ಬಳಿಯ ಸುಬಿಯಾಕೊ ಮಠದಲ್ಲಿ ಇಬ್ಬರು ಜರ್ಮನ್ನರು ಅಚ್ಚುಮೊಳೆ ಜೋಡಿಸುತ್ತಿದ್ದರು. 1500ರ ವೇಳೆಗೆ ಯುರೋಪಿನ ಇನ್ನೂರಕ್ಕೂ ಹೆಚ್ಚು ಊರುಗಳಲ್ಲಿ ಮುದ್ರಣಾಲಯಗಳಿದ್ದವು. ವೆನಿಸ್‌ಗೆ ಮುದ್ರಣ ತಂದ ಸ್ಪೈಯರ್‌ನ ಯೋಹಾನ್‌ಗೆ 1469ರಲ್ಲಿ ಐದು ವರ್ಷದ ಏಕಸ್ವಾಮ್ಯ ಸಿಕ್ಕಿತ್ತು. ಮರುವರ್ಷವೇ ಅವನು ತೀರಿಕೊಂಡ, ಹಕ್ಕೂ ಅವನೊಡನೆ ಹೋಯಿತು, ಬಾಗಿಲು ಎಲ್ಲರಿಗೂ ತೆರೆಯಿತು. ವೆನಿಸ್ ಯುರೋಪಿನ ಅಚ್ಚುಮನೆಯಾದದ್ದರಲ್ಲಿ ಈ ಸಾವಿನ ಪಾಲೂ ಇದೆ.

ವಿದ್ಯೆ ಮನುಷ್ಯರೊಳಗಿದೆ ಎಂದು ಗೊತ್ತಾದ ಮೇಲೆ ಆಳುವವರು ಮನುಷ್ಯರನ್ನೇ ಕಟ್ಟಿಹಾಕಲು ಹೊರಟರು. ಇದರ ಅತ್ಯಂತ ಮುಜುಗರದ ಚಿತ್ರ ಸಿಗುವುದು ನ್ಯೂರಂಬರ್ಗ್‌ನ ವ್ಯಾಪಾರಿ ಉಲ್ಮನ್ ಸ್ಟ್ರೋಮರ್ ತನ್ನ ಕೈಯಾರೆ ಬರೆದಿಟ್ಟ ಪುಸ್ತಕದಲ್ಲಿ. 1390ರಲ್ಲಿ ಅವನು ಊರ ಕೋಟೆಯ ಹೊರಗೆ, ಪೆಗ್ನಿಟ್ಸ್ ನದಿಯ ಬದಿಯಲ್ಲಿದ್ದ ಹಿಟ್ಟಿನ ಗಿರಣಿಯನ್ನು ಕಾಗದದ ಗಿರಣಿಯಾಗಿ ಬದಲಾಯಿಸಿದ. ಕಾಗದ ಮಾಡಲು ಇಟಲಿಯಿಂದ ಕೆಲಸಗಾರರನ್ನು ಕರೆಸಿದ. ತನ್ನನ್ನು ಬಿಟ್ಟು ಬೇರೆ ಯಾರಿಗೂ ಕಾಗದ ಮಾಡುವುದಿಲ್ಲ, ಕಲಿಸುವುದಿಲ್ಲ ಎಂದು ಆಣೆ ಹಾಕಿಸಿಕೊಂಡ. ಆದರೆ ಇಟಲಿಯವರಿಗೂ ಲೆಕ್ಕ ಗೊತ್ತಿತ್ತು. ತಾವಿಲ್ಲದೆ ಗಿರಣಿ ನಡೆಯದು ಎಂದು ತಿಳಿದದ್ದೇ ತಡ, ಅವರು ಸತಾಯಿಸಲು ತೊಡಗಿದರು, ಇನ್ನೊಂದು ನೀರಿನ ಚಕ್ರ ಹಾಕಲು ಬಿಡಲಿಲ್ಲ. ಸ್ಟ್ರೋಮರ್ ಅವರನ್ನು ಹಿಡಿಸಿ ಗೋಪುರದ ಕೋಣೆಯಲ್ಲಿ ಕೂಡಿಹಾಕಿದ. ಕೆಲವು ದಿನಗಳಲ್ಲಿ ದಾರಿಗೆ ಬಂದರು, ಮತ್ತೊಮ್ಮೆ ಆಣೆ ಮಾಡಿದರು. ಈಗಿನ ಕಂಪನಿಗಳು ಉದ್ಯೋಗ ಕರಾರಿನಲ್ಲಿ ಸೇರಿಸುವ ‘ಪ್ರತಿಸ್ಪರ್ಧಿಯ ಬಳಿ ಕೆಲಸಕ್ಕೆ ಸೇರಬಾರದು’ ಎಂಬ ಷರತ್ತು ಓದುವಾಗಲೆಲ್ಲ ನನಗೆ ಈ ಗೋಪುರದ ನೆನಪಾಗುತ್ತದೆ.

ಈ ವಿದ್ಯೆ ಇಟಲಿಯದೂ ಅಲ್ಲ. ಕಾಗದ ಹುಟ್ಟಿದ್ದು ಚೀನಾದಲ್ಲಿ, ಯುರೋಪಿಗೆ ದಾಟಿಸಿದವರು ಅರಬರು. ಇಟಲಿಯ ಫಾಬ್ರಿಯಾನೊ ಊರಿನವರು ಅದಕ್ಕೆ ನೀರಿನಿಂದ ನಡೆಯುವ ಕುಟ್ಟಣಿಗೆಗಳನ್ನೂ ಮೂಳೆ-ಚರ್ಮದ ಅಂಟಿನ ಲೇಪವನ್ನೂ ಸೇರಿಸಿದರು. ಕದ್ದ ಮಾಲಿಗೆ ಬೀಗ ಹಾಕುವವನ ಕಾಳಜಿ ಎಲ್ಲಕ್ಕಿಂತ ದೊಡ್ಡದು. ಚೀನಾ ಕೂಡ ಒಂದು ಕಾಲಕ್ಕೆ ಹೊರಗಿನಿಂದ ಬಂದ ಎಂಜಿನಿಯರುಗಳ ಬಳಿ ಕಲಿತದ್ದೇ.

ಮುರಾನೊ ದ್ವೀಪದ ಗಾಜಿನವರ ಕಥೆ ಇನ್ನೂ ಪ್ರಸಿದ್ಧ. ಬೆಂಕಿಯ ಭಯದಿಂದ ವೆನಿಸ್ 1291ರಲ್ಲಿ ಗಾಜಿನ ಕುಲುಮೆಗಳನ್ನೆಲ್ಲ ಆ ದ್ವೀಪಕ್ಕೆ ಸಾಗಿಸಿತು. ಆಮೇಲೆ ಗುಟ್ಟು ಕಾಯಲೂ ದ್ವೀಪ ಅನುಕೂಲವಾಯಿತು. ಅನುಮತಿಯಿಲ್ಲದೆ ಹೊರಗೆ ಹೋಗಿ ಕುಲುಮೆ ಹಚ್ಚಿದವರಿಗೆ ಶಿಕ್ಷೆಯಿತ್ತು. 15ನೇ ಶತಮಾನದ ನಡುವೆ ಆಂಜೆಲೊ ಬರೊವಿಯೆರ್ ಮತ್ತವನ ಸಂಗಡಿಗರು ಸ್ಫಟಿಕದಷ್ಟು ತಿಳಿಯಾದ ಗಾಜು ಮಾಡಿದ ಮೇಲಂತೂ ಯುರೋಪಿನ ಅರಮನೆಗಳೆಲ್ಲ ಮುರಾನೊ ಕಡೆಗೇ ಕಣ್ಣಿಟ್ಟವು. 1665ರಲ್ಲಿ ಫ್ರಾನ್ಸಿನ ಮಂತ್ರಿ ಕೋಲ್ಬರ್ ವೆನಿಸ್‌ನಲ್ಲಿದ್ದ ತನ್ನ ರಾಯಭಾರಿಯ ಮೂಲಕವೇ ಕನ್ನಡಿ ಮಾಡುವವರನ್ನು ಹಣ ತೋರಿಸಿ ಪ್ಯಾರಿಸಿಗೆ ಹಾರಿಸಿದ. ಬಂದವರು ಕನ್ನಡಿ ಮಾಡಿದರು, ಫ್ರೆಂಚರಿಗೆ ಕಲಿಸಲು ಮಾತ್ರ ಮೈಗಳ್ಳತನ ತೋರಿದರು. ಎರಡು ವರ್ಷಗಳೊಳಗೆ ಅವರಲ್ಲಿ ಇಬ್ಬರು ಸತ್ತರು. ವಿಷದ ಗುಮಾನಿ ಎದ್ದಿತು, ಉಳಿದವರು ಹೆದರಿ ಕ್ಷಮೆ ಪಡೆದು ಮನೆಗೆ ಮರಳಿದರು. ವೆನಿಸ್ ಗೆದ್ದಂತೆ ಕಂಡಿತು. ಆದರೆ 1672ರಲ್ಲಿ ಕೋಲ್ಬರ್ ವೆನಿಸ್ ಕನ್ನಡಿಗಳ ಆಮದನ್ನೇ ನಿಷೇಧಿಸಿದ. ಅಂದರೆ ಆ ಹೊತ್ತಿಗೆ ಮನೆಯ ಮಾಲಿನ ಮೇಲೆ ಅವನಿಗೆ ನಂಬಿಕೆ ಬಂದಿತ್ತು. 1684ರಲ್ಲಿ ವರ್ಸೇಲ್ಸ್ ಅರಮನೆಯ ಕನ್ನಡಿ ಸಭಾಂಗಣ 357 ಕನ್ನಡಿಗಳೊಡನೆ ಪೂರ್ಣಗೊಂಡಾಗ ಅವು ಫ್ರಾನ್ಸಿನಲ್ಲೇ ಆದವು. ಅಷ್ಟಕ್ಕೇ ನಿಲ್ಲದೆ, ಊದಿ ಮಾಡುವ ಗಾಜಿನ ಬದಲು ಮೇಜಿನ ಮೇಲೆ ಎರೆದು ಹಾಸುವ ವಿಧಾನವನ್ನು ಫ್ರೆಂಚರು ಕಂಡುಹಿಡಿದರು. ಮುರಾನೊದ ಉಸಿರು ಮುಟ್ಟಲಾರದಷ್ಟು ದೊಡ್ಡ ಹಲಗೆಗಳು ಬಂದವು. ಆ ಕಂಪನಿ ಸೇಂಟ್-ಗೊಬೇನ್ ಎಂಬ ಹೆಸರಿನಲ್ಲಿ ಇನ್ನೂ ಬದುಕಿದೆ, ಚೆನ್ನೈ ಬಳಿಯ ಶ್ರೀಪೆರಂಬುದೂರಿನಲ್ಲಿ ಗಾಜು ಮಾಡುತ್ತದೆ.

ಬೇಲಿ ಹಾಕಿದ ವೆನಿಸ್ಸೇ ಇನ್ನೊಂದು ಕೈಯಿಂದ ಬಾಗಿಲು ತೆರೆದಿತ್ತು ಎಂಬುದು ಇದರ ಸ್ವಾರಸ್ಯ. 1474ರ ಮಾರ್ಚ್ 19ರಂದು ಅಲ್ಲಿನ ಸೆನೆಟ್ ಒಂದು ಕಾನೂನು ಮಾಡಿತು. ಈ ರಾಜ್ಯದಲ್ಲಿ ಹಿಂದೆ ಯಾರೂ ಮಾಡಿರದ ಸಾಧನವನ್ನು ಮಾಡಿ ತೋರಿಸಿದವರಿಗೆ ಹತ್ತು ವರ್ಷದ ಹಕ್ಕು, ನಕಲು ಮಾಡಿದವನಿಗೆ ನೂರು ಡಕಟ್ ದಂಡ. ‘ಈ ರಾಜ್ಯದಲ್ಲಿ’ ಎಂಬ ಮಾತನ್ನು ಗಮನಿಸಬೇಕು. ಜಗತ್ತಿನಲ್ಲೇ ಹೊಸದಾಗಿರಬೇಕಿಲ್ಲ; ಹೊರಗಿನಿಂದ ತಂದರೂ ಸಾಕು. ಇವತ್ತಿನ ಪೇಟೆಂಟ್ ಕಾನೂನಿಗೆ ಮೂಲವೆಂದು ಹೊಗಳಿಸಿಕೊಳ್ಳುವ ಈ ಶಾಸನ ಹುಟ್ಟಿದ್ದು ಪ್ರತಿಭೆಯನ್ನು ಪೂಜಿಸಲಿಕ್ಕಲ್ಲ, ಪಕ್ಕದ ರಾಜ್ಯದ ಕುಶಲಕರ್ಮಿಯನ್ನು ಸೆಳೆಯಲಿಕ್ಕೆ. ಇಂಗ್ಲೆಂಡ್ ಇದನ್ನು ಇನ್ನೂ ಒರಟಾಗಿ ಮಾಡಿತು. 1449ರಲ್ಲೇ ಆರನೆಯ ಹೆನ್ರಿ ಫ್ಲಾಂಡರ್ಸ್‌ನಿಂದ ಬಂದ ಬಣ್ಣದ ಗಾಜಿನ ಕಸುಬಿನವನಿಗೆ 20 ವರ್ಷದ ಹಕ್ಕು ಕೊಟ್ಟ. ಷರತ್ತು, ಇಲ್ಲಿಯವರಿಗೆ ಕಲಿಸಬೇಕು. 1570ರ ದಶಕದಲ್ಲಿ ವೆನಿಸ್ ಮೂಲದ ಯಾಕೊಪೊ ವೆರ್ಜೆಲಿನಿಗೆ ಲಂಡನ್ನಿನಲ್ಲಿ ಗಾಜು ಮಾಡಲು ಎಲಿಜಬೆತ್ ರಾಣಿ ಕೊಟ್ಟ 21 ವರ್ಷದ ಹಕ್ಕಿನಲ್ಲೂ ಅದೇ ಮಾತಿದೆ. ಹಕ್ಕಿನ ಬೆಲೆ ಪಾಠ.

ಬಂದವರಿಗೆ ಎಲ್ಲರೂ ಆರತಿ ಎತ್ತಿದರು ಎಂದಲ್ಲ. ರಾಜರಿಗೆ ಬೇಕಾದ ಪರದೇಶಿ ಬೀದಿಯವರಿಗೆ ಬೇಡವಾಗಿದ್ದ. 1517ರ ಮೇ 1ರಂದು ಲಂಡನ್ನಿನ ಅಪ್ರೆಂಟಿಸ್ ಹುಡುಗರು ಗುಂಪುಕಟ್ಟಿ, ತಮ್ಮ ಕೆಲಸ ಕಸಿದರೆಂದು ವಿದೇಶಿ ಕುಶಲಕರ್ಮಿಗಳ ಅಂಗಡಿ-ಮನೆಗಳ ಮೇಲೆ ಬಿದ್ದರು. ಹಾಗೆಂದು ರಾಜರೆಲ್ಲರೂ ಜಾಣರಾಗಿರಲಿಲ್ಲ. ಕೋಲ್ಬರ್ ಒಬ್ಬೊಬ್ಬರನ್ನೇ ಹಣ ಸುರಿದು ಕೂಡಿಸಿದ್ದ. ಅವನ ದೊರೆ ಹದಿನಾಲ್ಕನೆಯ ಲೂಯಿ 1685ರಲ್ಲಿ ಪ್ರಾಟೆಸ್ಟೆಂಟರಿಗಿದ್ದ ಧರ್ಮಸ್ವಾತಂತ್ರ್ಯವನ್ನು ಕಿತ್ತುಕೊಂಡ. ಲಕ್ಷಕ್ಕೂ ಮಿಕ್ಕಿದ ಜನ ದೇಶ ಬಿಟ್ಟರು. ಅವರಲ್ಲಿದ್ದ ರೇಷ್ಮೆ ನೇಕಾರರು ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ಮಗ್ಗ ಹೂಡಿದರು. ಲೋಂಬ್ ಸಹೋದರರ ಹುರಿ ನೂಲಿಗೆ ಗಿರಾಕಿಗಳು ಸಿದ್ಧರಾಗಿದ್ದದ್ದು ಹೀಗೆ.

ಇಲ್ಲಿಗೆ ಬಂದು ನನ್ನ ವಾದವನ್ನೇ ಸ್ವಲ್ಪ ಅಲುಗಾಡಿಸಬೇಕು. ಕೈ ಬಂದರೆ ಸಾಕು, ಪುಸ್ತಕ ದಂಡ ಎನ್ನುವುದಾದರೆ ಗಾಜಿನ ಇನ್ನೊಂದು ಕಥೆ ಒಗಟಾಗುತ್ತದೆ. ಫ್ಲಾರೆನ್ಸಿನ ಅಂತೋನಿಯೊ ನೇರಿ 1612ರಲ್ಲಿ ಗಾಜಿನ ಪಾಕಗಳ ಪುಸ್ತಕ ಪ್ರಕಟಿಸಿದ. ಅದನ್ನು 1662ರಲ್ಲಿ ಕ್ರಿಸ್ಟೋಫರ್ ಮೆರೆಟ್ ತನ್ನ ಟಿಪ್ಪಣಿಗಳೊಡನೆ ಇಂಗ್ಲಿಷಿಗೆ ತಂದ. ಹನ್ನೆರಡೇ ವರ್ಷಕ್ಕೆ, 1674ರಲ್ಲಿ, ಜಾರ್ಜ್ ರೇವನ್ಸ್‌ಕ್ರಾಫ್ಟ್ ಹೊಸ ಬಗೆಯ ಗಾಜಿಗೆ ಲಂಡನ್ನಿನಲ್ಲಿ ಪೇಟೆಂಟ್ ಪಡೆದ. ಸೀಸ ಬೆರೆಸಿದ ಇಂಗ್ಲಿಷ್ ಗಾಜು ಕ್ರಮೇಣ ಮುರಾನೊದ ಮಾರುಕಟ್ಟೆಯನ್ನೇ ತಿಂದಿತು. ಇಲ್ಲಿ ಪುಸ್ತಕ ಕಪಾಟಿನಲ್ಲಿ ಕೂರಲಿಲ್ಲವಲ್ಲ? ಕಾರಣ, ವೆರ್ಜೆಲಿನಿಯ ಕಾಲದಿಂದ ಲಂಡನ್ನಿನಲ್ಲಿ ಕುಲುಮೆ ಆರಿರಲಿಲ್ಲ. ಮೂರು ತಲೆಮಾರು ಕೈ ಸುಟ್ಟುಕೊಂಡವರಿದ್ದರು. 1615ರಲ್ಲಿ ಕಟ್ಟಿಗೆ ಉರಿಸಬಾರದೆಂದು ಆಜ್ಞೆಯಾದ್ದರಿಂದ ಕಲ್ಲಿದ್ದಲಿನ ಬೆಂಕಿಗೂ ಪಳಗಿದ್ದರು. ಪುಸ್ತಕ ಮಾತಾಡುವುದು ಅರ್ಧ ಬಲ್ಲವನ ಹತ್ತಿರ.

ಜೊತೆಗೆ ನೆಲವೂ ಬೇಕು. ಮುರಾನೊದ ತಿಳಿಗಾಜಿಗೆ ತಿಚೀನೊ ನದಿಯ ಬಿಳಿ ಕಲ್ಲು, ಸಿರಿಯಾ ಕಡೆಯಿಂದ ಬರುವ ಗಿಡದ ಬೂದಿ ಬೇಕಿತ್ತು. ಡರ್ಬಿಯ ಯಂತ್ರಕ್ಕೆ ಒಂದೇ ದಪ್ಪದ, ಒಂದೇ ಸಮನಾಗಿ ಬಿಚ್ಚಿದ ಕಚ್ಚಾ ರೇಷ್ಮೆ ಬೇಕಿತ್ತು. ಅದು ಸಿಗುತ್ತಿದ್ದದ್ದು ಪೀಡ್‌ಮಾಂಟಿನಲ್ಲಿ. ಅಲ್ಲಿನ ದೊರೆ, ಸಾರ್ಡಿನಿಯಾದ ರಾಜ, ಯಂತ್ರ ಕಳವಾಯಿತೆಂದು ತಿಳಿದ ಮೇಲೆ ಕಚ್ಚಾ ರೇಷ್ಮೆಯ ರಫ್ತು ನಿಲ್ಲಿಸಿದ. ಮರಣದಂಡನೆ ಮಾಡಲಾಗದ್ದನ್ನು ಈ ಉಪಾಯ ಬಹುಮಟ್ಟಿಗೆ ಮಾಡಿತು. ಥಾಮಸ್ ಲೋಂಬ್‌ಗೆ ಯಂತ್ರವಿತ್ತು, ಕೈಗಳಿದ್ದವು, ಮೇವು ಇರಲಿಲ್ಲ. 1732ರಲ್ಲಿ ಪೇಟೆಂಟ್ ಮುಗಿದಾಗ ಇದನ್ನೇ ಹೇಳಿಕೊಂಡು ವಿಸ್ತರಣೆ ಕೇಳಿದ. ಸಂಸತ್ತು ಒಪ್ಪದೆ, 14,000 ಪೌಂಡ್ ಕೊಟ್ಟು, ಯಂತ್ರದ ಮಾದರಿಗಳನ್ನು ಲಂಡನ್ ಗೋಪುರದಲ್ಲಿ ಇಡಿಸಿತು. ನ್ಯೂರಂಬರ್ಗ್‌ನಲ್ಲಿ ಗೋಪುರಕ್ಕೆ ಹೋದವರು ಬಲ್ಲವರು; ಇಲ್ಲಿ ಹೋದದ್ದು ವಿದ್ಯೆ, ಅದೂ ಎಲ್ಲರೂ ನೋಡಲಿ ಎಂದು.

ನೆಲ ಒದಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನೆರೆಯಲ್ಲೇ ಒಂದು ನಿದರ್ಶನವಿದೆ. 1556ರಲ್ಲಿ ಅಬಿಸೀನಿಯಾಕ್ಕೆಂದು (ಇಂದಿನ ಇಥಿಯೋಪಿಯಾ) ಹೊರಟ ಮುದ್ರಣ ಯಂತ್ರವೊಂದು ಗೋವಾದಲ್ಲೇ ಉಳಿಯಿತು. ಕಾರವಾರದಿಂದ ಗೋವಾ ಎಷ್ಟು ದೂರ? ಆದರೂ ಕನ್ನಡದ ಅಕ್ಷರ ಅಚ್ಚಿಗೆ ಬಂದದ್ದು 19ನೇ ಶತಮಾನದಲ್ಲಿ. 1817ರಲ್ಲಿ ದೂರದ ಬಂಗಾಳದ ಶ್ರೀರಾಮಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಅಚ್ಚಾಯಿತು. ಗೋವಾದ ಪಾದ್ರಿಗಳು ಮರಾಠಿಯ ಕ್ರಿಸ್ತಪುರಾಣವನ್ನು ಕೂಡ ರೋಮನ್ ಲಿಪಿಯಲ್ಲೇ ಅಚ್ಚು ಮಾಡಿದ್ದರು. ಯಂತ್ರವಿತ್ತು, ಒತ್ತಕ್ಷರ, ಕೊಂಬು, ದೀರ್ಘಗಳನ್ನು ಉಕ್ಕಿನ ಕಡ್ಡಿಯ ತುದಿಯಲ್ಲಿ ಕೆತ್ತಬಲ್ಲ ಅಕ್ಕಸಾಲಿಗನ ಕೈಯನ್ನು ಆ ಯಂತ್ರದ ಬಳಿಗೆ ಕರೆತರುವ ಗರಜು ಯಾರಿಗೂ ಇರಲಿಲ್ಲ.

ದೇವನಹಳ್ಳಿಯ ಸುದ್ದಿಗೆ ಮರಳೋಣ. ಆ ವಾಪಸಾತಿಯ ಹಿಂದೆ ಚೀನಾ ಸರ್ಕಾರದ ಒತ್ತಡವಿದೆ ಎಂಬುದು ನಿಜವಾದರೆ, ಅದು ಮಾಡುತ್ತಿರುವುದು ಬೊಲೋನ್ಯಾ ಮತ್ತು ಸಾರ್ಡಿನಿಯಾದ ರಾಜ ಇಬ್ಬರೂ ಮಾಡಿದ್ದನ್ನು. ಜನರನ್ನು ತಡೆಯುವುದರಿಂದ ಅದಕ್ಕೆ ಕೆಲವು ವರ್ಷ ಸಿಕ್ಕೀತು. ವಿರಳ ಖನಿಜಗಳ ರಫ್ತು ತಡೆದದ್ದು ಹೆಚ್ಚು ನೋಯಿಸುತ್ತದೆ. ಅತ್ತ ಅಮೆರಿಕ 2025ರ ಸೆಪ್ಟೆಂಬರಿನಲ್ಲಿ ಪರಿಣತ ವಿದೇಶಿಯರಿಗೆ ಕೊಡುವ ಎಚ್-1ಬಿ ಕೆಲಸದ ವೀಸಾದ ಹೊಸ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಹೇರಿತು. ಬಲ್ಲವರು ಹೊರಗೆ ಹೋಗದಂತೆ ಕಾವಲಿಟ್ಟವರು ಹಳೆಯ ಯುರೋಪಿನಲ್ಲಿ ಬೇಕಾದಷ್ಟಿದ್ದರು. ಒಳಗೆ ಬರುವವನಿಂದಲೇ ಸುಂಕ ವಸೂಲಿ ಮಾಡುವುದನ್ನು ಕಂಡಿದ್ದರೆ, ಹಣ ಸುರಿದು ಕನ್ನಡಿಯವರನ್ನು ಕದ್ದು ತರಿಸಿದ ಕೋಲ್ಬರ್ ಏನೆನ್ನುತ್ತಿದ್ದನೋ.

ಆ ಪೀಡ್‌ಮಾಂಟ್ ಪದ್ಧತಿಯ ಒಂದು ತುಣುಕು ನಮ್ಮಲ್ಲೂ ಉಳಿದಿದೆ. ಪೀಡ್‌ಮಾಂಟಿನ ರೇಷ್ಮೆಯ ಹಂಗು ತಪ್ಪಿಸಿಕೊಳ್ಳಲು ಈಸ್ಟ್ ಇಂಡಿಯಾ ಕಂಪನಿ 1769-70ರಲ್ಲಿ ಜೇಮ್ಸ್ ವಿಸ್ ಮೊದಲಾದವರನ್ನು ಇಟಲಿಯ ಬಿಚ್ಚಾಣಿಕೆಗಾರರ ಸಮೇತ ಬಂಗಾಳಕ್ಕೆ ಕಳುಹಿಸಿತು. ಗೂಡಿನಿಂದ ಎಳೆ ಬಿಚ್ಚಲು ಅವರು ಹಾಕಿದ ಘಟಕಗಳಿಗೆ ಫಿಲೇಚರ್ ಎಂದು ಹೆಸರಾಯಿತು. ಅದೇ ಬಂಗಾಳಕ್ಕೆ ಮುಂದೆ ಟಿಪ್ಪು ರೇಷ್ಮೆಹುಳು ತರಲು ಜನರನ್ನು ಕಳುಹಿಸಿದ. 1910ರ ದಶಕದಲ್ಲಿ ಮೈಸೂರು ಸರ್ಕಾರ ವಾಷಿಂಗ್ಟನ್ ಮಾರಿ ಎಂಬ ಇಟಲಿಯ ತಜ್ಞನನ್ನೇ ಕರೆಸಿಕೊಂಡಿತು. ರಾಮನಗರ, ಶಿಡ್ಲಘಟ್ಟಗಳ ರೀಲರುಗಳ ಬಾಯಲ್ಲಿ ‘ಫಿಲೇಚರ್’ ಈಗ ಅಚ್ಚಗನ್ನಡದ ಮಾತಿನಷ್ಟೇ ಸಲೀಸು. ಅಲ್ಲಿ ಕೆಲವು ವರ್ಷಗಳಿಂದ ಚೀನಾದ ಸ್ವಯಂಚಾಲಿತ ಬಿಚ್ಚಾಣಿಕೆ ಯಂತ್ರಗಳೂ ಬಂದಿವೆ. ಅವುಗಳ ಪಕ್ಕದ ಬೀದಿಯ ಹಳೆಯ ಘಟಕದೊಳಗೆ ಕಾಲಿಟ್ಟರೆ ಬೇಯುವ ಗೂಡಿನ ವಾಸನೆ ಮೂಗಿಗೆ ಹತ್ತುತ್ತದೆ. ಹಬೆಯಾಡುವ ಬೇಸಿನ್ನಿನ ಮುಂದೆ ಕುಳಿತ ಹೆಂಗಸು ಸುಡುನೀರಿಗೆ ಬೆರಳು ಅದ್ದಿ, ನೋಡದೆಯೇ, ಒಂದು ಗೂಡಿನ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಯ ತುದಿಯನ್ನು ಹುಡುಕಿ, ಓಡುತ್ತಿರುವ ನೂಲಿಗೆ ತಾಗಿಸಿಬಿಡುತ್ತಾಳೆ. ಹೇಗೆ ಗೊತ್ತಾಗುತ್ತದೆ ಎಂದು ಕೇಳಿದರೆ ಗೊತ್ತಾಗುತ್ತದೆ ಎನ್ನುತ್ತಾಳೆ.